ಪಕ್ಕಾಸಿಗೆ ನೇತು ಹಾಕಿದ ಬುಟ್ಟಿ

ನಮ್ಮ ಮನೆಯ ಮಾಡಿನ ಮರದ ಪಕ್ಕಾಸಿಗೆ ಅಮ್ಮ ಹೆಣೆದ ಒಂದು ಬುಟ್ಟಿ ನೇತಾಡುತ್ತಿರುತ್ತದೆ. ಅದರೊಳಗೆ ಒಂದು ಪ್ಲಾಸ್ಟಿಕ್ ತೊಟ್ಟೆ. ತೊಟ್ಟೆಯಲ್ಲಿ ನನ್ನ ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಅಂಕಪಟ್ಟಿಗಳು. ಕೆಳಗೆ ಇಟ್ಟರೆ ಗೆದ್ದಲು, ಗೋಡೆ ಬದಿ ಇಟ್ಟರೆ ಮಳೆಗಾಲದ ಪಸೆ. ಅಮ್ಮನಿಗೆ ಓದಲು ಬರುವುದಿಲ್ಲ. ಆದರೆ ಯಾವ ಕಾಗದ ಯಾವುದಕ್ಕೆ ಎಂದು ಕೈಯಲ್ಲಿ ಮುಟ್ಟಿಯೇ ಹೇಳುತ್ತಾರೆ.

ನಾನು ಪರಿಶಿಷ್ಟ ಪಂಗಡಕ್ಕೆ (ಎಸ್‌ಟಿ) ಸೇರಿದ ಕೊರಗ ಸಮುದಾಯದವಳು, ಉಡುಪಿ ಹತ್ತಿರದ ಹಳ್ಳಿಯವಳು. ಈಗ ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಇಷ್ಟೂ ಓದು ವಿದ್ಯಾರ್ಥಿವೇತನದಲ್ಲೇ ಆಯಿತು. ಹೇಗೆ ಮಾಡಿದೆ ಎಂದು ನಮ್ಮ ಸಮುದಾಯದ ಮಕ್ಕಳು ಕೇಳುತ್ತಲೇ ಇರುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪಿಯುಸಿಯಲ್ಲಿ ನಾನು ಅರ್ಜಿಯನ್ನೇ ಹಾಕಿರಲಿಲ್ಲ. ಕ್ಲಾಸಿಗೆ ನೋಟೀಸ್ ಬಂತು, "ಎಸ್‌ಟಿ ಮಕ್ಕಳು ಎದ್ದು ನಿಲ್ಲಿ" ಅಂದರು. ನಾನು ಏಳಲಿಲ್ಲ. ನಮ್ಮವರಿಗೆ ಉಗುರು, ಕೂದಲು ಬೆರೆಸಿದ ಅನ್ನ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಿದ ಕಾಯ್ದೆ ಬಂದದ್ದು 2000ದಲ್ಲಿ. ಆಗ ನನಗೆ ಎರಡು ವರ್ಷ. ಅಜ್ಜಿ ಅದನ್ನೆಲ್ಲ ಕಂಡವರು. ಅಂಥ ಮನೆಯ ಹುಡುಗಿ ನಲವತ್ತು ಮಂದಿಯ ಎದುರು ಎದ್ದು ನಿಲ್ಲುವುದು ಸುಲಭ ಅಲ್ಲ. ಆ ವರ್ಷದ ಹಣ ಹೋಯಿತು. ಉಪನ್ಯಾಸಕರಲ್ಲಿ ನನ್ನದೊಂದು ವಿನಂತಿ: ದಯವಿಟ್ಟು ಹಾಗೆ ಕರೆಯಬೇಡಿ. ಮಕ್ಕಳ ಪಟ್ಟಿ ನಿಮ್ಮ ಆಫೀಸಿನಲ್ಲೇ ಇರುತ್ತದೆ. ಒಬ್ಬೊಬ್ಬರನ್ನೇ ಕರೆದು ಹೇಳಿ.

ಮರುವರ್ಷದಿಂದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಸಿಕ್ಕಿತು. ಕೇಂದ್ರದ ನಿಯಮದಂತೆ ಇದಕ್ಕೆ ಕುಟುಂಬದ ವರ್ಷದ ಆದಾಯ 2.5 ಲಕ್ಷ ರೂಪಾಯಿ ದಾಟಬಾರದು. ಈಗ ಅರ್ಜಿ ಹಾಕುವುದು ರಾಜ್ಯದ ವಿದ್ಯಾರ್ಥಿವೇತನ ಪೋರ್ಟಲ್ ಆದ ಎಸ್‌ಎಸ್‌ಪಿಯಲ್ಲಿ. ಜಾತಿ, ಆದಾಯ ಪ್ರಮಾಣಪತ್ರಗಳ ಮೇಲೆ ಅಚ್ಚಾಗಿರುವ ಆರ್‌ಡಿ ನಂಬರ್ ಕೇಳುತ್ತದೆ. ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷ ಮಾತ್ರ ಬೆಲೆ. ಅವಧಿ ಮುಗಿದದ್ದು ಕೊನೇ ದಿನ ಗೊತ್ತಾದರೆ ನಾಡಕಚೇರಿಗೆ ಓಡಿದರೂ ಪ್ರಯೋಜನ ಇಲ್ಲ.

ಡಿಗ್ರಿ ಎರಡನೇ ವರ್ಷದಲ್ಲಿ ಒಂದು ದೊಡ್ಡ ಪೆಟ್ಟು ಬಿತ್ತು. ಎಲ್ಲರಿಗೂ ಹಣ ಬಂತು, ನನಗೆ ಇಲ್ಲ. ಪಾಸ್‌ಬುಕ್ ಎಂಟ್ರಿ ಮಾಡಿಸಿ ಮಾಡಿಸಿ ಸಾಕಾಯಿತು. ಕಚೇರಿಯಲ್ಲಿ ಕೇಳಿದರೆ "ನಿಮಗೆ ಪಾವತಿ ಆಗಿದೆಯಲ್ಲ" ಅಂದರು. ಆಮೇಲೆ ತಿಳಿಯಿತು: ಪೇಟೆಯ ಅಂಗಡಿಯಲ್ಲಿ ಸಿಮ್ ತಗೊಳ್ಳುವಾಗ ಹೆಬ್ಬೆಟ್ಟು ಕೊಟ್ಟಿದ್ದೆ. ಅದೇ ಹೆಬ್ಬೆಟ್ಟಿನಲ್ಲಿ ನನ್ನ ಹೆಸರಲ್ಲಿ ಇನ್ನೊಂದು ಖಾತೆ ತೆರೆದಿದ್ದರು. ಹಣ ಅಲ್ಲಿ ಹೋಗಿ ಕೂತಿತ್ತು! ಸರ್ಕಾರದ ಹಣ ನಾವು ಬರೆದುಕೊಟ್ಟ ಖಾತೆ ನಂಬರಿಗೆ ಬರುವುದಲ್ಲ ಮಾರಾಯ್ರೆ. ಆಧಾರ್ ಕೊನೆಗೆ ಯಾವ ಬ್ಯಾಂಕಿಗೆ ಸೀಡ್ ಆಗಿದೆಯೋ, ಅಂದರೆ ಜೋಡಣೆ ಆಗಿದೆಯೋ, ಅಲ್ಲಿಗೆ ಬರುತ್ತದೆ. ಈಗ ಯಾರೇ ಬರಲಿ, ನಾನು ಮೊದಲು ನೋಡುವುದು ಅದನ್ನೇ. ಎರಡನೆಯದು ಹೆಸರು. ನನ್ನ ಆಧಾರ್‌ನಲ್ಲಿ ಇನಿಶಿಯಲ್ ಹಿಂದೆ, ಅಂಕಪಟ್ಟಿಯಲ್ಲಿ ಮುಂದೆ ಇತ್ತು. ಅದೊಂದನ್ನು ಸರಿ ಮಾಡಿಸಲು ಮೂರು ಸಲ ಕೂಲಿ ಬಿಟ್ಟು ಅಪ್ಪ ನನ್ನ ಜೊತೆ ಬಂದರು.

ಪಿಎಚ್.ಡಿ.ಗೆ ಬೇರೆ ದಾರಿ. ಕೇಂದ್ರದ ಬುಡಕಟ್ಟು ವ್ಯವಹಾರಗಳ ಸಚಿವಾಲಯ ವರ್ಷಕ್ಕೆ 750 ಎಸ್‌ಟಿ ಸಂಶೋಧಕರಿಗೆ ಫೆಲೋಶಿಪ್ ಕೊಡುತ್ತದೆ. ಮೊದಲ ಎರಡು ವರ್ಷ ಕಿರಿಯ ಫೆಲೋಶಿಪ್ (ಜೆಆರ್‌ಎಫ್), ಆಮೇಲೆ ಹಿರಿಯ ಫೆಲೋಶಿಪ್ (ಎಸ್‌ಆರ್‌ಎಫ್), ಒಟ್ಟು ಐದು ವರ್ಷ. ಆಯ್ಕೆ ಆಗುವುದು ಸ್ನಾತಕೋತ್ತರ ಅಂಕದ ಮೇಲೆ. ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್ ಪಾಸಾಗಿಲ್ಲ ಎಂದು ಸುಮ್ನೆ ಹಿಂದೆ ಸರಿಯುವವರು ಜಾಸ್ತಿ, ಹಾಗೆ ಮಾಡಬೇಡಿ. ಪೂರ್ಣಾವಧಿ ಪಿಎಚ್.ಡಿ. ನೋಂದಣಿ ಆಗಿರಬೇಕು. ಕರ್ನಾಟಕದಲ್ಲಿ ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿರುವುದು ಜೇನುಕುರುಬ ಮತ್ತು ಕೊರಗ ಎರಡನ್ನೇ. ಇಂಥ ಸಮುದಾಯದವರಿಗೆ ಇದರಲ್ಲಿ ಆದ್ಯತೆ ಇದೆ. ವಿದೇಶದ ಓದಿಗೂ ಅದೇ ಸಚಿವಾಲಯ ವರ್ಷಕ್ಕೆ 20 ಮಂದಿಗೆ ಕೊಡುತ್ತದೆ. ಅದರಲ್ಲಿ 3 ನಮ್ಮಂಥ ಬುಡಕಟ್ಟುಗಳಿಗೇ ಮೀಸಲು. ನಮ್ಮೂರಿನಲ್ಲಿ ಇದನ್ನು ಹೇಳಿದಾಗ ಯಾರೂ ನಂಬಲಿಲ್ಲ.

ಫೆಲೋಶಿಪ್ ಆಯ್ಕೆಪಟ್ಟಿಯಲ್ಲಿ ಹೆಸರು ನೋಡಿದ ದಿನ ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ. ಆದರೆ ಮೊದಲ ಹಣ ಕೈಗೆ ಬರುವಾಗ ತಿಂಗಳುಗಳೇ ಕಳೆದಿದ್ದವು. ಅಷ್ಟು ದಿನ ಮೆಸ್ ಬಿಲ್ಲಿಗೆ ಅಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಮಾಡಿದರು. ಹಗಲು ಕೂಲಿ, ರಾತ್ರಿ ಬುಟ್ಟಿ. ಬಳ್ಳಿ ಸೀಳಿ ಸೀಳಿ ಅವರ ಹೆಬ್ಬೆರಳು ಬಿರುಕು ಬಿಟ್ಟಿತ್ತು, ಆಧಾರ್ ಯಂತ್ರ ಆ ಬೆರಳನ್ನು ಓದುತ್ತಲೇ ಇರಲಿಲ್ಲ. ಹಣ ತಡವಾದರೆ ಓದು ಬಿಡುವುದು ಇಂಥ ಮನೆಗಳ ಮಕ್ಕಳೇ. ತಿಂಗಳ ಹಣ ತಿಂಗಳಿಗೆ ಬರಬೇಕು, ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಈಗ ಭಾನುವಾರ ಊರಿಗೆ ಹೋದರೆ ನಮ್ಮ ಅಂಗಳದಲ್ಲಿ ನಾಲ್ಕೈದು ಮಕ್ಕಳು ತಮ್ಮ ತಮ್ಮ ತೊಟ್ಟೆ ಹಿಡಿದು ಕೂತಿರುತ್ತಾರೆ. ಹೋದ ವಾರ ಪಿಯುಸಿ ಮುಗಿಸಿದ ಹುಡುಗಿಯೊಬ್ಬಳು ಬಂದಿದ್ದಳು. "ಅಕ್ಕಾ, ನರ್ಸಿಂಗ್‌ಗೂ ಸಿಗ್ತದಾ?" ಎಂದು ಕೇಳಿದಳು. "ಸಿಗ್ತದೆ" ಅಂದೆ. ಅವಳ ಆದಾಯ ಪ್ರಮಾಣಪತ್ರ ಮುಂದಿನ ತಿಂಗಳಿಗೆ ಮುಗಿಯುತ್ತದೆ. ಸೋಮವಾರ ಬೆಳಿಗ್ಗೆ ಇಬ್ಬರೂ ನಾಡಕಚೇರಿಗೆ ಹೋಗುತ್ತಿದ್ದೇವೆ. ಅಮ್ಮ ಅವಳಿಗೂ ಒಂದು ಬುಟ್ಟಿ ಹೆಣೆಯುತ್ತಿದ್ದಾರೆ.