ಲಂಚಕೋರನ ಪಕ್ಕ ವೀಕ್ಷಕರನ್ನು ಕೂರಿಸಿದ್ದು ಹೀಗೆ

ಧಾರಾವಾಹಿ, ವೆಬ್ ಸರಣಿಗಳಿಗೆ ಚಿತ್ರಕಥೆ ಬರೆಯುವುದು ನನ್ನ ಕೆಲಸ. ಅದರಲ್ಲಿ ನನಗೆ ತುಂಬಾ ಇಷ್ಟವಾದ, ತುಂಬಾ ಯೋಚನೆಗೂ ಹಚ್ಚಿದ ನಾಯಕ ಒಬ್ಬ ವಿಲೇಜ್ ಅಕೌಂಟೆಂಟ್. ಕಾಲ 1990ರ ದಶಕ. ‘ಭೂಮಿ’ ಯೋಜನೆಯಲ್ಲಿ ಪಹಣಿಗಳು ಕಂಪ್ಯೂಟರ್‌ಗೆ ಹೋಗುವ ಮುಂಚೆ, ಎಲ್ಲವೂ ಕೈಬರಹದಲ್ಲಿದ್ದ ದಿನಗಳು. ಇವನು ಲಂಚ ತಿಂದು ದಾಖಲೆ ತಿದ್ದುತ್ತಾನೆ. ಗಂಡ ತೀರಿಹೋದ ಹೆಂಗಸೊಬ್ಬಳ ಎರಡು ಎಕರೆ ಇನ್ನೊಬ್ಬನ ಹೆಸರಿಗೆ ಹೋಗುತ್ತದೆ. ಆದರೂ ನೋಡುವವರು ಇವನನ್ನು ಬಿಟ್ಟು ಏಳಬಾರದು.

ಅವನಿಗೊಂದು ಕಷ್ಟದ ಬಾಲ್ಯ ಕೊಡಿ, ಕಾಯಿಲೆ ಬಿದ್ದ ತಾಯಿಯನ್ನು ಕೊಡಿ ಅಂತ ಎಲ್ಲರೂ ಹೇಳಿದರು. ನಾನು ಒಪ್ಪಲಿಲ್ಲ. ಕಾರಣ ಕೊಟ್ಟ ಕೂಡಲೇ ಜನ ನ್ಯಾಯ ಹೇಳಲು ಕೂರುತ್ತಾರೆ. ‘ನಮ್ಮನೇಲೂ ಬಡತನ ಇತ್ತು, ನಾವೇನು ಕದ್ವಾ?’ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆಯೇ ಅಲ್ವಾ?

ನಾನು ಪಾಠ ಕಲಿತದ್ದು 2008ರಿಂದ 2013ರವರೆಗೆ ಬಂದ ಅಮೆರಿಕದ ಟಿವಿ ಸರಣಿ ‘ಬ್ರೇಕಿಂಗ್ ಬ್ಯಾಡ್’ನಿಂದ. ವಾಲ್ಟರ್ ವೈಟ್ ಅನ್ನುವ ಕೆಮಿಸ್ಟ್ರಿ ಮೇಷ್ಟ್ರು ಮಾದಕವಸ್ತು ತಯಾರಿಸಲು ಇಳಿಯುವ ಕಥೆ. ಅವನಿಗೆ ಕ್ಯಾನ್ಸರ್ ಇತ್ತು, ಅದಕ್ಕೇ ನಮಗೆ ಮರುಕ ಅಂತ ಜಾಸ್ತಿ ಜನ ಅಂದುಕೊಂಡಿದ್ದಾರೆ. ಆದರೆ ಮೊದಲ ಸೀಸನ್ನಿನ ಐದನೇ ಕಂತಿನಲ್ಲೇ ಹಳೆಯ ಗೆಳೆಯನೊಬ್ಬ ಚಿಕಿತ್ಸೆಯ ಖರ್ಚು ಕೊಡುತ್ತೇನೆ ಅನ್ನುತ್ತಾನೆ. ವಾಲ್ಟರ್ ಬೇಡ ಅನ್ನುತ್ತಾನೆ. ಅಲ್ಲಿಗೆ ನೆಪ ಮುಗಿಯಿತು. ನಾವು ಮಾತ್ರ ಅವನನ್ನು ಬಿಡುವುದಿಲ್ಲ.

ಯಾಕೆ ಅಂತ ತಿಳಿಯಬೇಕಾದರೆ ಮೂರನೇ ಕಂತು ನೋಡಬೇಕು. ನೆಲಮಾಳಿಗೆಯಲ್ಲಿ ಕ್ರೇಜಿ-8 ಎಂಬ ಮಾದಕವಸ್ತು ಮಾರುವವನನ್ನು ಕಂಬಕ್ಕೆ ಬಿಗಿದಿದ್ದಾರೆ. ಅವನನ್ನು ಕೊಲ್ಲಬೇಕೋ ಬೇಡವೋ ಅಂತ ವಾಲ್ಟರ್ ಕಾಗದದ ಮೇಲೆ ಪಟ್ಟಿ ಮಾಡುತ್ತಾನೆ. ಅವನಿಗೆ ಸ್ಯಾಂಡ್‌ವಿಚ್ ಮಾಡಿಕೊಡುತ್ತಾನೆ, ಅದರ ಅಂಚು ಕತ್ತರಿಸಿ ಕೊಡುತ್ತಾನೆ. ಇಬ್ಬರೂ ಬಿಯರ್ ಕುಡಿಯುತ್ತಾ ಮಾತಾಡುತ್ತಾರೆ. ಬಿಟ್ಟುಬಿಡೋಣ ಅಂತ ಕೀ ತರಲು ಮೇಲೆ ಹೋದವನಿಗೆ ಏನೋ ಅನುಮಾನ. ಕಸದಿಂದ ಒಡೆದ ತಟ್ಟೆಯ ಚೂರುಗಳನ್ನು ಆರಿಸಿ ಜೋಡಿಸುತ್ತಾನೆ. ಒಂದು ಚೂಪು ಚೂರು ಇಲ್ಲ. ಅದು ಕೆಳಗಿರುವವನ ಕೈಯಲ್ಲಿದೆ.

ಆ ತಟ್ಟೆ ಜೋಡಿಸುವಾಗ ನಾವೂ ವಾಲ್ಟರ್ ಜೊತೆ ಜೋಡಿಸುತ್ತಿರುತ್ತೇವೆ. ಅವನಿಗೆ ಗೊತ್ತಾದಾಗಲೇ ನಮಗೂ ಗೊತ್ತಾಗುತ್ತದೆ. ಕೊಲೆ ನಡೆಯುವ ಹೊತ್ತಿಗೆ ನಾವು ಅವನ ಕಡೆಯವರಾಗಿಬಿಟ್ಟಿರುತ್ತೇವೆ. ಅವನು ಒಳ್ಳೆಯವನು ಅಂತ ಯಾರೂ ನಮಗೆ ಹೇಳಿರುವುದಿಲ್ಲ.

ನನ್ನ ರೆಕಾರ್ಡ್ ರೂಮಿನ ದೃಶ್ಯ ಬರೆದದ್ದು ಇದನ್ನು ಇಟ್ಟುಕೊಂಡೇ. ಕಚೇರಿ ಮುಗಿದ ಮೇಲೆ ನಮ್ಮ ನಾಯಕ ಹಳೆಯ ಪುಸ್ತಕ ತೆಗೆಯುತ್ತಾನೆ. ಪುಟದ ಶಾಯಿ ಮಾಸಿದೆ, ಹೊಸ ಶಾಯಿಯಲ್ಲಿ ಬರೆದರೆ ಸಿಕ್ಕಿಬೀಳುತ್ತಾನೆ. ಅದಕ್ಕೆ ಶಾಯಿಗೆ ನೀರು ಬೆರೆಸಿ ಚೀಟಿಯ ಮೇಲೆ ಗೀಚಿ ನೋಡುತ್ತಾನೆ. ಗಾಢ ಆಯಿತು. ಇನ್ನೊಂದು ಹನಿ ನೀರು. ಬಣ್ಣ ಕೂಡಿಬಂತು ಅನ್ನುವಾಗ ಹೊರಗೆ ಜವಾನನ ಚಪ್ಪಲಿ ಸದ್ದು. ಡೈಲಾಗ್ ಒಂದೂ ಇಲ್ಲ. ಕೆಲಸ ಬಲ್ಲವನ ಕೈ ನೋಡುವುದೇ ಒಂದು ಖುಷಿ, ಆ ಕೆಲಸ ಎಂಥದ್ದೇ ಆಗಿರಲಿ. ಅದಕ್ಕೆ ಸಿಕ್ಕಿಬೀಳುವ ಭಯವೂ ಸೇರಿದರೆ ನೋಡುವವರು ಉಸಿರು ಬಿಗಿಹಿಡಿಯುತ್ತಾರೆ. ಜವಾನ ಒಳಗೆ ಬರದಿರಲಿ ಅಂತ ಬಯಸುತ್ತಾರೆ.

ಅವನಿಗಿಂತ ಕೆಟ್ಟವರನ್ನು ಸುತ್ತ ಇಡುವುದು, ಮಗಳ ಮೇಲೆ ಪ್ರೀತಿ ತೋರಿಸುವುದು, ಇವೆಲ್ಲ ಹಳೆಯ ಉಪಾಯಗಳು. ನಾನೂ ಬಳಸಿದೆ, ಆದರೆ ಅವೆಲ್ಲ ಒಗ್ಗರಣೆಯಷ್ಟೇ. 1999ರಲ್ಲಿ ಅಮೆರಿಕದ ‘ದಿ ಸೊಪ್ರಾನೋಸ್’ ಸರಣಿಯ ಐದನೇ ಕಂತಿನಲ್ಲಿ ಮಾಫಿಯಾ ನಾಯಕ ಟೋನಿ ಮಗಳಿಗೆ ಕಾಲೇಜು ತೋರಿಸಲು ಹೋದವನು ದಾರಿಯಲ್ಲೇ ಪೊಲೀಸರಿಗೆ ಸುಳಿವು ಕೊಟ್ಟ ಹಳೆಯ ಸಹಚರನನ್ನು ಕತ್ತು ಬಿಗಿದು ಕೊಲ್ಲುತ್ತಾನೆ. ಹೀಗೆ ಮಾಡಿದರೆ ಜನ ನಾಯಕನನ್ನು ದ್ವೇಷಿಸುತ್ತಾರೆ ಅಂತ ಚಾನೆಲ್‌ನವರಿಗೆ ಅಳುಕು. ಇವನು ಕೊಲ್ಲದಿದ್ದರೆ ಯಾರೂ ನಂಬುವುದಿಲ್ಲ ಅಂತ ಸರಣಿಯ ಸೃಷ್ಟಿಕರ್ತ ಡೇವಿಡ್ ಚೇಸ್ ಪಟ್ಟು ಹಿಡಿದರು. ಜನ ಟೋನಿಯನ್ನು ಬಿಡಲೇ ಇಲ್ಲ.

ನನಗೆ ನಿಜವಾಗಿ ಭಯ ಇದ್ದದ್ದು ಬೇರೆ ಕಡೆ. ನೋಡುವವರು ಒಮ್ಮೆ ನಾಯಕನ ಪಕ್ಕ ಕೂತರೆ, ಅವನಿಗೆ ಅಡ್ಡ ಬರುವವರೆಲ್ಲ ಅವರ ಕಣ್ಣಿಗೆ ಕೆಟ್ಟವರಾಗುತ್ತಾರೆ. ವಾಲ್ಟರ್‌ನ ಹೆಂಡತಿ ಸ್ಕೈಲರ್‌ಳನ್ನು ಜನ ಎಷ್ಟು ದ್ವೇಷಿಸಿದರು ಅಂದರೆ, ಆ ಪಾತ್ರ ಮಾಡಿದ ಆ್ಯನಾ ಗನ್ ಅದರ ಬಗ್ಗೆಯೇ 2013ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ಗೆ ಲೇಖನ ಬರೆದರು. ಗಂಡನನ್ನು ಪ್ರಶ್ನಿಸಿದ್ದೇ ಅವಳ ತಪ್ಪು! ಇದು ನನ್ನನ್ನು ಇವತ್ತಿಗೂ ಕಾಡುತ್ತದೆ.

ನಮ್ಮ ಕಥೆಯನ್ನು ತಂಡಕ್ಕೆ ಹೇಳುವಾಗಲೂ ಅದೇ ಆಯಿತು. ‘ಆ ಹೆಂಗಸು ಯಾಕೆ ಸುಮ್ನೆ ದಿನಾ ಕಚೇರಿಗೆ ಬಂದು ತಲೆ ತಿಂತಾಳೆ?’ ಅಂತ ಒಬ್ಬರು ಕೇಳಿದರು. ಜಮೀನು ಕಳೆದುಕೊಂಡವಳ ಬಗ್ಗೆ! ಅವರ ಮೇಲೆ ಕೋಪ ಬರಲಿಲ್ಲ. ಕಥೆ ಅವರನ್ನು ಅಲ್ಲಿಗೆ ತಂದು ನಿಲ್ಲಿಸಿತ್ತು.

ಅದಕ್ಕೇ ಒಂದು ಇಡೀ ಎಪಿಸೋಡ್ ಆಕೆಗೆ ಕೊಡಬೇಕು ಅಂತ ಹಟ ಮಾಡಿದೆ. ಬೆಳಗ್ಗೆ ಮೊದಲ ಬಸ್ಸು, ಸೆರಗಿನಲ್ಲಿ ಕಟ್ಟಿಕೊಂಡ ಕಂದಾಯದ ರಸೀದಿ, ‘ನಾಳೆ ಬಾ’ ಅನ್ನುವ ಉತ್ತರ. ನಾಯಕ ಬರುವುದು ಒಂದೇ ಸಲ, ಅದೂ ಕಿಟಕಿಯ ಆ ಕಡೆ, ತಲೆ ಎತ್ತದೆ ಮಾತಾಡುವವನಾಗಿ. ಅವನಿಗೆ ಕ್ಲೋಸಪ್ ಬೇಡ ಅಂತ ಸ್ಕ್ರಿಪ್ಟಿನಲ್ಲೇ ಬರೆದೆ. ನಿರ್ದೇಶಕರು ಒಪ್ಪಿದರು, ಹಾಗೇ ತೆಗೆದರು.

ಆ ಎಪಿಸೋಡ್ ನೋಡಿದ ಮೇಲೂ ಜನ ನಾಯಕನನ್ನು ಬಿಡಲಿಲ್ಲ. ಆದರೆ ಮುಂದಿನ ಸಲ ಅವನು ಶಾಯಿ ಬೆರೆಸುವಾಗ ಅವರಿಗೆ ಆ ರಸೀದಿಯೂ ನೆನಪಿತ್ತು. ನನಗೆ ಬೇಕಾದದ್ದು ಅದೇ. ಈಗ ಇಂಥ ನಾಯಕನ ಕಥೆ ಬಂದರೆ, ಒನ್‌ಲೈನ್, ಅಂದರೆ ಕಥೆಯ ಮೊದಲ ಚಿಕ್ಕ ರೂಪರೇಖೆ, ಬರೆಯುವಾಗಲೇ ನೊಂದವರ ಎಪಿಸೋಡಿಗೆ ಜಾಗ ಹಾಕುತ್ತೇನೆ. ಕಥೆ ನಿಧಾನ ಆಗುತ್ತೆ, ತೆಗೀರಿ ಅಂತ ಒತ್ತಾಯ ಬರುತ್ತದೆ. ಬೇರೆ ಏನನ್ನಾದರೂ ಬಿಡುತ್ತೇನೆ, ಅದನ್ನು ಬಿಡುವುದಿಲ್ಲ.