ಅರಿಶಿನದ ನೆಲದ ಮೇಲೆ ಕಬ್ಬಿಣದ ಮರ

ಚಿತ್ರಕ್ಕೆ ಅಂದುಕೊಂಡದ್ದು ಇಷ್ಟು: 12×16 ಇಂಚಿನ ಹಲಗೆ, ಅಲ್ಲಲ್ಲಿ ಹಳೆಯ ಪಂಚಾಂಗದ ಹಾಳೆಯ ತುಂಡುಗಳು, ಎಲ್ಲದರ ಮೇಲೆ ಅರಿಶಿನದ ಹಳದಿ, ಅದರ ಮೇಲೆ ಕಬ್ಬಿಣ-ಬೆಲ್ಲದ ಶಾಯಿಯಲ್ಲಿ ಕಡುಗಪ್ಪು ಬೋಳು ಮರ. ಬಂದದ್ದು ಬೇರೆ. ನೆಲ, ಅಂದರೆ ಮರದ ಹಿಂದಿನ ಹಳದಿ, ಕಂದುಗೆಂಪಾಯಿತು, ಮರ ತುಕ್ಕಿನ ಬಣ್ಣಕ್ಕೆ ತಿರುಗಿತು, ಕೊಂಬೆ ಕೊಂಬೆಯ ಸುತ್ತ ಕೂದಲೆಳೆಯಷ್ಟು ಅಗಲದ ಹಳದಿ ಅಂಚು ಎದ್ದಿತು. ಈ ಅಂಚು ನಾನು ಬರೆದದ್ದಲ್ಲ, ಆದರೆ ಇಡೀ ಹಲಗೆಯಲ್ಲಿ ಅದೇ ಎಲ್ಲಕ್ಕಿಂತ ಚೆನ್ನಾಗಿತ್ತು. ಅದನ್ನು ಬೇಕೆಂದಾಗ ಮತ್ತೆ ತರಿಸಬೇಕಾದರೆ ಯಾಕೆ ಬಂತೆಂದು ಗೊತ್ತಿರಬೇಕು.

ಸುಳಿವು ಪಂಚಾಂಗದ ಹಾಳೆಯಲ್ಲೇ ಇತ್ತು. ಹಾಳೆ ಇದ್ದಲ್ಲಿ ಅರಿಶಿನ ಹಳದಿಯಾಗಿಯೇ ಉಳಿದಿತ್ತು, ಮರವೂ ಕಪ್ಪಾಗಿತ್ತು. ಹಾಳೆಯ ಅಂಚು ದಾಟಿದ ಕೂಡಲೇ, ಚಾಕುವಿನಲ್ಲಿ ಕೊಯ್ದ ಹಾಗೆ, ನೆಲ ಕಂದುಗೆಂಪು, ಮರ ತುಕ್ಕು. ಒಂದೇ ದಿನ ಬಳಿದದ್ದು, ಅದೇ ಕುಂಚ, ಅದೇ ಶಾಯಿ. ವ್ಯತ್ಯಾಸ ಒಂದೇ: ಹಾಳೆ ಇಲ್ಲದ ಕಡೆ ಹಲಗೆಗೆ ಮೊದಲೇ ಬಳಿದಿದ್ದ ಬಿಳಿ ಪ್ರೈಮರ್ ಬಣ್ಣಕ್ಕೆ ನೇರ ತಾಗಿತ್ತು.

ಆ ಪ್ರೈಮರನ್ನು ನಾನೇ ಕಲಸಿದ್ದೆ: ಪೇಂಟ್ ಅಂಗಡಿಯಲ್ಲಿ ಲಪ್ಪಕ್ಕೆ ಕೊಡುವ ವೈಟಿಂಗ್ ಪೌಡರ್ 200 ಗ್ರಾಂ, ಫೆವಿಕಾಲ್ 100 ಗ್ರಾಂ, ನೀರು 100 ಮಿಲಿ. ಮೂರು ಕೈ ಬಳಿದು, ಒಣಗಿದ ಮೇಲೆ 220 ನಂಬರಿನ ಉಪ್ಪುಕಾಗದದಲ್ಲಿ ಉಜ್ಜಿದ್ದು. ವೈಟಿಂಗ್ ಪೌಡರ್ ಎಂದರೆ ಸುಣ್ಣಕಲ್ಲಿನ ಪುಡಿ, ಕ್ಯಾಲ್ಸಿಯಂ ಕಾರ್ಬೊನೇಟ್. ಅದು ಕ್ಷಾರ. ಅರಿಶಿನಕ್ಕೆ ಸುಣ್ಣ ತಾಕಿದರೆ ಕೆಂಪಾಗುತ್ತದೆ ಎಂಬುದು ಆರತಿ ತಟ್ಟೆಗೆ ಓಕುಳಿ ಕಲಸಿದ ಎಲ್ಲರಿಗೂ ಗೊತ್ತು. ಹಲಗೆಯ ಮೇಲೆ ಆದದ್ದೂ ಅದೇ, ಸ್ವಲ್ಪ ಮಂದವಾಗಿ.

ಮರ ತುಕ್ಕಾದದ್ದಕ್ಕೂ ಅದೇ ಪುಡಿ ಕಾರಣ. ಕಬ್ಬಿಣದ ಶಾಯಿ ತಾನಾಗಿ ಕಪ್ಪಲ್ಲ. ಅದರಲ್ಲಿ ಕರಗಿರುವ ಕಬ್ಬಿಣ ಒಗರಿನ ಜೊತೆ ಸೇರಿದಾಗ ಮಾತ್ರ ಕಪ್ಪಾಗುತ್ತದೆ. ಒಗರು ಎಂದರೆ ಅಳಲೆಕಾಯಿ, ಚಹಾ, ದಾಳಿಂಬೆ ಸಿಪ್ಪೆಯಲ್ಲಿರುವ ಟ್ಯಾನಿನ್. ಅದಕ್ಕೂ ಮೊದಲು ಶಾಯಿಗೆ ಸುಣ್ಣಕಲ್ಲು ಸಿಕ್ಕರೆ ಹುಳಿ ಸತ್ತು, ಕಬ್ಬಿಣ ತುಕ್ಕಾಗಿ ಅಲ್ಲೇ ಕೂತುಬಿಡುತ್ತದೆ. ದೀಪದ ಬೆಳಕನ್ನು ಓರೆಯಾಗಿ ಹಿಡಿದು ನೋಡಿದರೆ ಗೆರೆಯ ಮೇಲೆ ಸೂಜಿಮೊನೆಯಷ್ಟು ಗುಳ್ಳೆ ಒಡೆದ ಗುರುತು ಕಾಣುತ್ತದೆ.

ಇನ್ನು ಹಳದಿ ಅಂಚು. ಬೆಲ್ಲ ಹುದುಗಿದ ಶಾಯಿ ಹುಳಿಯಾಗಿರುತ್ತದೆ. ಗೆರೆಯಿಂದ ಆಚೆಗೆ ನೀರಿನಂಶ ಸ್ವಲ್ಪವೇ ಹಬ್ಬುವಾಗ ಹುಳಿಯೂ ಜೊತೆಗೆ ಹೋಗಿ, ಕೆಂಪಾಗಿದ್ದ ಅರಿಶಿನವನ್ನು ಮತ್ತೆ ಹಳದಿ ಮಾಡಿದೆ. ಕಬ್ಬಿಣ ಗೆರೆಯಲ್ಲೇ ಉಳಿಯಿತು, ಹುಳಿ ಮುಂದೆ ನಡೆಯಿತು. ಅಷ್ಟೇ ವಿಷಯ.

ಹೀಗಾಗಿ ಈಗ ಯಾವ ಬಿಳಿ ಪುಡಿ ತಂದರೂ ಮೊದಲು ಚಿಟಿಕೆಯಷ್ಟರ ಮೇಲೆ ನಾಲ್ಕು ಹನಿ ನಿಂಬೆರಸ ಹಾಕುತ್ತೇನೆ. ನೊರೆ ಬಂದರೆ ಕಾರ್ಬೊನೇಟ್. ಕೆಲವು ರಂಗೋಲಿ ಪುಡಿಯೂ ನೊರೆಯುತ್ತದೆ. ಅಂಗಡಿಯ ಡಬ್ಬಿಯಲ್ಲಿ ಸಿಗುವ ಅಕ್ರಿಲಿಕ್ ಗೆಸ್ಸೊ ಎಂಬ ಸಿದ್ಧ ಪ್ರೈಮರಿನಲ್ಲೂ ಸಾಮಾನ್ಯವಾಗಿ ಇದೇ ಪುಡಿ ಇರುತ್ತದೆ. 'ಆಸಿಡ್ ಫ್ರೀ' ಎಂದು ಅಚ್ಚಾಗಿರುವ ಒಳ್ಳೆಯ ಡ್ರಾಯಿಂಗ್ ಹಾಳೆಗಳಲ್ಲೂ ಹಲವಕ್ಕೆ ಬಾಳಿಕೆ ಬರಲೆಂದು ಕಾರ್ಬೊನೇಟ್ ಸೇರಿಸಿರುತ್ತಾರೆ, ಆದ್ದರಿಂದ ದುಬಾರಿ ಹಾಳೆಯ ಮೇಲೆ ಅರಿಶಿನ ಕಂದಿ, ಅಗ್ಗದ ಹಾಳೆಯ ಮೇಲೆ ಚೆನ್ನಾಗಿ ನಿಲ್ಲುವುದುಂಟು. ಹಾಳೆಯ ಮೂಲೆಯಲ್ಲಿ ಒಂದು ಬೊಟ್ಟು ಅರಿಶಿನ ಇಟ್ಟು ಒಣಗಲು ಬಿಟ್ಟರೆ ಉತ್ತರ ಸಿಗುತ್ತದೆ.

ಈಗ ಶಾಯಿ. ಶ್ರೀಕಾಳಹಸ್ತಿಯ ಕಲಮಕಾರಿಯಲ್ಲಿ, ಅಂದರೆ ಬಟ್ಟೆಯ ಮೇಲೆ ಲೇಖನಿಯಿಂದ ಬರೆಯುವ ಚಿತ್ರಗಳಲ್ಲಿ, ಗೆರೆ ಎಳೆಯಲು ಬಳಸುವ ಕಪ್ಪು ಇದೇ ಬಗೆಯದು. ನನ್ನ ಅಳತೆ: ತುಕ್ಕು ಹಿಡಿದ ಕಬ್ಬಿಣದ ಮೊಳೆ 250 ಗ್ರಾಂ, ಬೆಲ್ಲ 100 ಗ್ರಾಂ, ನೀರು 1 ಲೀಟರ್. ಮೊಳೆಯ ಎಣ್ಣೆ ಹೋಗುವಂತೆ ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಬೇಕು. ಸತುವಿನ ಲೇಪದ ಬಿಳಿ ಮೊಳೆ, ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿದರೆ ತಿಂಗಳು ಕಾದರೂ ಕಪ್ಪು ಬರುವುದಿಲ್ಲ. ಮಣ್ಣಿನ ಅಥವಾ ಗಾಜಿನ ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿಡಿ. ಬಿಗಿ ಮುಚ್ಚಳ ಬೇಡ, ಹುದುಗುವಾಗ ಗಾಳಿ ಹೊರಹೋಗಬೇಕು. ಬೇಸಿಗೆಯಲ್ಲಿ 15ರಿಂದ 20 ದಿನ, ಚಳಿಗಾಲದಲ್ಲಿ ನಾಲ್ಕು ವಾರವೂ ಹಿಡಿಯುತ್ತದೆ. ದಿನ ಲೆಕ್ಕ ಹಾಕುವುದಕ್ಕಿಂತ ಪರೀಕ್ಷೆ ಮಾಡುವುದು ಮೇಲು: ಕಡು ಚಹಾದಲ್ಲಿ ಅದ್ದಿ ಒಣಗಿಸಿದ ಕಾಗದದ ಪಟ್ಟಿಯ ಮೇಲೆ ಒಂದು ಹನಿ ಬಿಟ್ಟರೆ ಕಣ್ಣೆದುರೇ ಕಪ್ಪಡರಬೇಕು. ಸೋಸಿ ಬಾಟಲಿಗೆ ತುಂಬಿದ ಮೇಲೂ ಎರಡು ಮೊಳೆ ಒಳಗೇ ಬಿಡುತ್ತೇನೆ. ಹಾಗೆ ಬಿಡದಿದ್ದರೆ ಕಬ್ಬಿಣ ಬೇಗ ತುಕ್ಕಾಗಿ ತಳಕ್ಕಿಳಿದು, ಮೇಲಿನ ತಿಳಿ ಸಪ್ಪೆಯಾಗುತ್ತದೆ.

ಒಗರಿಗೆ ಅಳಲೆಕಾಯಿ ಪುಡಿ 20 ಗ್ರಾಂ, ನೀರು 200 ಮಿಲಿ. ರಾತ್ರಿ ನೆನೆಸಿ ಬೆಳಿಗ್ಗೆ ತೆಳುಬಟ್ಟೆಯಲ್ಲಿ ಸೋಸಿ, 50 ಮಿಲಿ ಕಾಯಿಸದ ಎಮ್ಮೆ ಹಾಲು ಬೆರೆಸಿ, ಶಾಯಿ ಎಳೆಯುವ ಮೊದಲು ಹಾಳೆಗೆ ಎರಡು ಕೈ ಬಳಿಯುತ್ತೇನೆ. ಹಾಲಿನ ಕೊಬ್ಬು ಶಾಯಿ ಹಬ್ಬದಂತೆ ತಡೆಯುತ್ತದೆ. ಕಲಮಕಾರಿಯವರು ಬಟ್ಟೆಗೆ ಮಾಡುವುದೂ ಇದನ್ನೇ. ಹಾಲಿಲ್ಲದೆ ಬಳಿದ ಹಾಳೆಯ ಮೇಲೆ ಸಣ್ಣ ಕೊಂಬೆಗಳು ಕಂಬಳಿಹುಳದ ಹಾಗೆ ರೋಮ ಬಿಟ್ಟುಕೊಂಡವು. ಹಾಲು ಹೆಚ್ಚಾದರೆ ಶಾಯಿ ಕೆಸುವಿನೆಲೆ ಮೇಲಿನ ನೀರಿನಂತೆ ಉರುಳುತ್ತದೆ. ಹಾಲಿನ ವಾಸನೆ ಮೂರು ನಾಲ್ಕು ದಿನ ಇರುತ್ತದೆ, ಆಮೇಲೆ ಹೋಗುತ್ತದೆ.

ಮೊದಲ ಹಲಗೆಯಲ್ಲಿ ಇನ್ನೊಂದು ದೋಷವೂ ಇತ್ತು. ಪಂಚಾಂಗದ ತುಂಡುಗಳನ್ನು ಫೆವಿಕಾಲಿನಲ್ಲಿ ಅಂಟಿಸಿ, ಮೇಲೂ ಒಂದು ಕೈ ಫೆವಿಕಾಲ್ ಎಳೆದಿದ್ದೆ. ಒಣಗಿದ ಫೆವಿಕಾಲ್ ಪ್ಲಾಸ್ಟಿಕ್ಕಿನ ಪೊರೆ. ಅದು ದಪ್ಪಗಿದ್ದಲ್ಲಿ ಅಳಲೆ ನೀರೂ ಇಳಿಯಲಿಲ್ಲ, ಶಾಯಿಯೂ ಹಿಡಿಯಲಿಲ್ಲ. ಕಾಂಡ ನಡುನಡುವೆ ಮುರಿದು ಹೋಯಿತು. ಈಗ ಬಣ್ಣ ಹೀರಬೇಕಾದ ಕಡೆಗಳಲ್ಲಿ ಹುಣಸೆ ಬೀಜದ ಅಂಟನ್ನೇ ಬಳಸುತ್ತೇನೆ. ಬೀಜ ಹುರಿದು, ಸಿಪ್ಪೆ ತೆಗೆದು, ನುಣ್ಣಗೆ ಪುಡಿ ಮಾಡಿ, 50 ಗ್ರಾಂ ಪುಡಿಯನ್ನು 500 ಮಿಲಿ ತಣ್ಣೀರಿನಲ್ಲಿ ಗಂಟಿಲ್ಲದೆ ಕದಡಿ ಸಣ್ಣ ಉರಿಯಲ್ಲಿ 15ರಿಂದ 20 ನಿಮಿಷ ತಿರುವುತ್ತಲೇ ಇರಬೇಕು. ಬಿಸಿನೀರಿಗೆ ಪುಡಿ ಸುರಿದರೆ ಗಂಟು ಕಟ್ಟುತ್ತದೆ, ಆಮೇಲೆ ಎಷ್ಟು ಕಡೆದರೂ ಬಿಡುವುದಿಲ್ಲ. ಅಂಬಲಿಯ ಹದಕ್ಕೆ ಬಂದಾಗ ಇಳಿಸಿ, ಬೂಷ್ಟು ತಡೆಯಲು ನಾಲ್ಕು ಹನಿ ಲವಂಗದೆಣ್ಣೆ ಹಾಕಿ. ಆದರೂ ಮೂರು ದಿನದೊಳಗೆ ಮುಗಿಸುವುದು ಒಳ್ಳೆಯದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಗೊಂಬೆಗಳಿಗೆ ಹಚ್ಚುವ ಕಿಟ್ಟ ಎಂಬ ಮುದ್ದೆ ಕಲಸುವುದೂ ಇದೇ ಅಂಟಿನಲ್ಲಿ, ಸೆಣಬಿನ ಚಿಂದಿಯನ್ನು ಪುಡಿ ಮಾಡಿ ಸೇರಿಸಿ. ಕಾಂಡವನ್ನು ಸ್ವಲ್ಪ ಉಬ್ಬಿಸಬೇಕೆನಿಸಿದಾಗ ನಾನೂ ಆ ದಾರಿ ಹಿಡಿಯುತ್ತೇನೆ. ಶಾಯಿ ಅದರೊಳಕ್ಕೆ ಇಳಿಯುತ್ತದೆ.

ಅಂಟಿಸುವಾಗ ಹಾಳೆ ಸುಕ್ಕಾಗುವುದಕ್ಕೆ ಕಾರಣ ಸರಳ: ನೀರು ಕುಡಿದ ಹಾಳೆ ಹಿಗ್ಗುತ್ತದೆ, ಅಡಿಯ ಹಲಗೆ ಹಿಗ್ಗುವುದಿಲ್ಲ. ಹಾಳೆಯ ಹಿಂಬದಿಗೆ ಅಂಟು ಹಚ್ಚಿ ಐದು ನಿಮಿಷ ಬಿಟ್ಟು, ಅದು ಪೂರ್ತಿ ಹಿಗ್ಗಿದ ಮೇಲೆ ಹಲಗೆಗೆ ಇಟ್ಟು ನಡುವಿನಿಂದ ಅಂಚಿನ ಕಡೆಗೆ ಒತ್ತಬೇಕು. ಹಲಗೆ 3 ಮಿಲಿಮೀಟರಿನದಾದರೆ ಬಾಗುತ್ತದೆ. 6 ಮಿಲಿಮೀಟರಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ತೆಗೆದುಕೊಂಡು, ಮುಂದೆ ಏನು ಅಂಟಿಸಿದ್ದೀರೋ ಹಿಂದೆಯೂ ಅಂಥದೇ ಒಂದು ಹಾಳೆ ಅಂಟಿಸಿದರೆ ನೆಟ್ಟಗೆ ನಿಲ್ಲುತ್ತದೆ.

ಅರಿಶಿನವನ್ನು ನೀರಿನಲ್ಲಿ ಕಲಸಿದರೆ ಪುಡಿ ಪುಡಿಯಾಗಿಯೇ ಉಳಿಯುತ್ತದೆ, ಅದರ ಬಣ್ಣ ನೀರಿನಲ್ಲಿ ಕರಗುವುದಿಲ್ಲ. ಸರ್ಜಿಕಲ್ ಸ್ಪಿರಿಟ್ 50 ಮಿಲಿಗೆ ಎರಡು ಟೀ ಚಮಚ ಹಾಕಿ, ಕುಲುಕಿ, ಒಂದು ಗಂಟೆ ಬಿಟ್ಟು ಮೇಲಿನ ತಿಳಿಯನ್ನು ಮಾತ್ರ ಬಳಸಿ. ಒಲೆ, ದೀಪ ಹತ್ತಿರ ಇರಬಾರದು. ಈ ತಿಳಿ ಜಲವರ್ಣದ ಹಾಗೆ ಪಾರದರ್ಶಕವಾಗಿ ಕೂರುತ್ತದೆ, ಅಡಿಯ ಪಂಚಾಂಗದ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಮರ ಬರೆದು ಒಣಗಿದ ಮೇಲೆ ಸುತ್ತ ಅರಿಶಿನ ಹಾಕುವುದು ಸರಿಯಾದ ಕ್ರಮ. ಅರಿಶಿನದ ಮೇಲೆ ನೇರ ಶಾಯಿ ಎಳೆದರೆ ಕಬ್ಬಿಣವೂ ಅರಿಶಿನವೂ ಕೂಡಿ ಪಾಚಿಯಂಥ ಹಸಿರುಗಂದು ಬರುತ್ತದೆ. ಬೇಕಾದವರಿಗೆ ಅದೂ ಒಂದು ಬಣ್ಣವೇ. ನಾನು ಒಮ್ಮೆ ಬೇರಿನ ಭಾಗಕ್ಕೆ ಬೇಕೆಂದೇ ಹಾಗೆ ಬಳಸಿದೆ.

ಒಂದು ಕಡೆ ಗಾಬರಿ ಬೀಳಬೇಡಿ. ಅರಿಶಿನದ ಮೇಲೆ ಚಂದ್ರನಿಗಾಗಿ ಬಿಳಿ ಅಕ್ರಿಲಿಕ್ ಇಟ್ಟ ಕೂಡಲೇ ಅದರ ಸುತ್ತ ರಕ್ತಗೆಂಪು ಉಂಗುರ ಮೂಡಿತು. ಹಸಿ ಅಕ್ರಿಲಿಕ್ಕಿನಲ್ಲಿ ಅಮೋನಿಯ ಸ್ವಲ್ಪ ಇರುತ್ತದೆ, ಡಬ್ಬಿ ತೆರೆದಾಗ ಮೂಗಿಗೆ ಬಡಿಯುವುದು ಅದೇ. ಬೆಳಿಗ್ಗೆಯ ಹೊತ್ತಿಗೆ ಅಮೋನಿಯ ಹಾರಿಹೋಗಿ ಉಂಗುರ ಬಹುಪಾಲು ಹಳದಿಗೆ ಮರಳಿತ್ತು. ಹಸಿಯಿದ್ದಾಗಲೇ ಒರೆಸಹೋದರೆ ಕಲೆ ಹರಡುತ್ತದೆ.

ಇನ್ನು ಆ ಹಳದಿ ಅಂಚನ್ನು ಬೇಕೆಂದೇ ತರಿಸುವ ಬಗೆ. ಕಾರ್ಬೊನೇಟ್ ಇಲ್ಲದ ಕಾಗದದ ಮೇಲೆ ಅರಿಶಿನದ ತಿಳಿ ಬಳಿದು ಒಣಗಿಸಿ. ಎಲೆಯಡಿಕೆಗೆ ಹಾಕುವ ಸುಣ್ಣ ಅರ್ಧ ಟೀ ಚಮಚವನ್ನು 100 ಮಿಲಿ ನೀರಿನಲ್ಲಿ ಕದಡಿ, ತಿಳಿಯಾದ ಮೇಲೆ ಆ ತಿಳಿನೀರನ್ನು ಅಗಲ ಕುಂಚದಲ್ಲಿ ಒಂದೇ ಸಲ ಎಳೆಯಿರಿ. ನೆಲ ಕೆಂಪಾಗುತ್ತದೆ. ಒಣಗಿದ ಮೇಲೆ 5 ಗ್ರಾಂ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) 100 ಮಿಲಿ ನೀರಿನಲ್ಲಿ ಕರಗಿಸಿ, 4ನೇ ನಂಬರಿನ ಕುಂಚದಲ್ಲಿ ಗೆರೆ ಎಳೆದರೆ ಕುಂಚದ ಹಿಂದೆಯೇ ಹಳದಿ ಹೊಳೆಯುತ್ತಾ ಬರುತ್ತದೆ. ನಿಂಬೆರಸದಲ್ಲೂ ಆಗುತ್ತದೆ, ಆದರೆ ಅಂಟಂಟು ಉಳಿದು ಇರುವೆ ಮುತ್ತುತ್ತದೆ. ವೈಟಿಂಗ್ ಪ್ರೈಮರಿನ ಮೇಲೆ ಇದನ್ನು ಮಾಡಿದರೆ ಬಹಳ ದಿನ ಉಳಿಯುವುದಿಲ್ಲ. ಅಡಿಯ ಸುಣ್ಣಕಲ್ಲು ಹುಳಿಯನ್ನು ನಿಧಾನಕ್ಕೆ ತಿಂದುಹಾಕುತ್ತದೆ. ನನ್ನ ಮೊದಲ ಹಲಗೆಯ ಅಂಚುಗಳು ಮೂರು ವಾರದಲ್ಲಿ ಅರ್ಧದಷ್ಟು ಮಾಸಿದವು. ಕಾಗದದ ಮೇಲೂ ಕೆಂಪು ಹಾಗೇ ನಿಲ್ಲುವುದಿಲ್ಲ. ಸುಣ್ಣ ಗಾಳಿ ಕುಡಿಯುತ್ತಾ ಹೋದಂತೆ ಕೆಂಪು ಇಟ್ಟಿಗೆಯ ಕಂದಿಗೆ ಇಳಿಯುತ್ತದೆ. ಹಳದಿ ಗೆರೆಗೆ ಆ ಕಂದು ಚೆನ್ನಾಗಿಯೇ ಒಪ್ಪುತ್ತದೆ.

ಅರಿಶಿನ ಬೆಳಕಿಗೆ ತಾಳುವುದಿಲ್ಲ. ಬಳಿದ ಪಟ್ಟಿಯ ಅರ್ಧಕ್ಕೆ ಕಪ್ಪು ಕಾಗದ ಸುತ್ತಿ ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು ಹದಿನೈದು ದಿನ ಬಿಟ್ಟು ಬಿಚ್ಚಿದಾಗ, ಎರಡು ಬೇರೆ ಬಣ್ಣದ ಪಟ್ಟಿಗಳೆಂದೇ ಅನಿಸುವಷ್ಟು ವ್ಯತ್ಯಾಸ ಇತ್ತು. ಬೇರೆಯವರು ದುಡ್ಡು ಕೊಟ್ಟು ಕೊಳ್ಳುವ ಚಿತ್ರವಾದರೆ ನಾನು ಅರಿಶಿನದ ಬದಲು ಹಳದಿ ಮಣ್ಣಿನ ಬಣ್ಣ ಹಾಕುತ್ತೇನೆ. ಅದು ಸುಣ್ಣಕ್ಕೂ ಬಿಸಿಲಿಗೂ ಬದಲಾಗುವುದಿಲ್ಲ. ಶಾಯಿಯ ವಿಷಯದಲ್ಲೂ ಎಚ್ಚರ ಬೇಕು: ಹುಳಿ ಕಬ್ಬಿಣ ವರ್ಷಗಳ ಮೇಲೆ ಕಾಗದವನ್ನು ತಿನ್ನುತ್ತದೆ. ದಪ್ಪ ಹತ್ತಿ ಕಾಗದ ತೆಗೆದುಕೊಂಡು, ಶಾಯಿಯನ್ನು ಮಡುಗಟ್ಟಲು ಬಿಡದೆ ತೆಳುವಾಗಿ ಎರಡು ಸಲ ಎಳೆಯುವುದು ಮೇಲು.

ಕೊನೆಗೆ ವಾರ್ನಿಷ್. ಫ್ರೆಂಚ್ ಪಾಲಿಶ್ ಬೇಡವೇ ಬೇಡ. ಅದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಕುಂಚ ತಾಗಿದ ಕೂಡಲೇ ಅರಿಶಿನ ಎದ್ದು ಮರದ ಮೇಲೆಲ್ಲ ಹರಿಯುತ್ತದೆ. ನೀರಿನ ಅಕ್ರಿಲಿಕ್ ವಾರ್ನಿಷ್ ಹಚ್ಚಿದರೆ ನಿಂಬೆ ಉಪ್ಪಿನ ಗೆರೆ ಕಲಸಿಹೋಗುತ್ತದೆ. ಏನೂ ಹಚ್ಚದೆ, ಚಿತ್ರಕ್ಕೂ ಗಾಜಿಗೂ ನಡುವೆ 4 ಮಿಲಿಮೀಟರ್ ಅಂತರ ಉಳಿಯುವಂತೆ ದಪ್ಪ ಮೌಂಟ್ (ಚಿತ್ರದ ಸುತ್ತ ಇಡುವ ರಟ್ಟಿನ ಚೌಕಟ್ಟು) ಇಡಿಸಿ ಫ್ರೇಮ್ ಹಾಕಿಸಿ, ಕಿಟಕಿಗೆ ಎದುರಾಗದ ಗೋಡೆಗೆ ತೂಗುಹಾಕಿ.