ಡಿಸೆಂಬರಿನ ಮೂರು ವಾರ: ರಿಸೆಪ್ಷನ್, ಇಯರ್ 1, ಇಯರ್ 2 ಮಕ್ಕಳ ಮನೆಯವರಿಗೆ

ಇಂಗ್ಲೆಂಡಿನ ನಮ್ಮ ಕನ್ನಡ ಸಂಘದ ವಾಟ್ಸಾಪ್ ಗುಂಪಿಗೆ ಪ್ರತಿ ವರ್ಷ ನವೆಂಬರ್ ಕೊನೆಯಲ್ಲಿ ರಾತ್ರಿ ಒಂಬತ್ತೂವರೆಗೆ ಒಂದು ಪ್ರಶ್ನೆ ಬಂದೇ ಬರುತ್ತದೆ. "ನಾಳೆ ಸ್ಕೂಲಿಗೆ ಟೀ ಟವೆಲ್ ಕಳಿಸಿ ಅಂದಿದ್ದಾರೆ, ಯಾಕೆ?" ಪಾತ್ರೆ ಒರೆಸುವ ಈ ಬಟ್ಟೆ ಯೇಸು ಹುಟ್ಟಿದ ಕಥೆಯ ನಾಟಕದಲ್ಲಿ ಕುರುಬನ ವೇಷಕ್ಕೆ. ತಲೆಯ ಮೇಲೆ ಹೊದಿಸಿ ಹಣೆಗೊಂದು ಪಟ್ಟಿ ಕಟ್ಟುತ್ತಾರೆ, ಬೆತ್ಲೆಹೆಮ್ಮಿನ ಕುರುಬ ಸಿದ್ಧ. ಇಲ್ಲೇ ಹುಟ್ಟಿ ಬೆಳೆದವರು ತಾವೂ ಐದನೇ ವಯಸ್ಸಿನಲ್ಲಿ ಟೀ ಟವೆಲ್ ಕಟ್ಟಿಕೊಂಡು ನಿಂತವರೇ, ಹಾಗಾಗಿ ಯಾರೂ ವಿವರಿಸುವುದಿಲ್ಲ. ವಿವರಿಸಬೇಕೆಂದು ಅವರಿಗೆ ಹೊಳೆಯುವುದೂ ಇಲ್ಲ. ಈ ಬರಹ ಅದಕ್ಕಾಗಿ. ರಿಸೆಪ್ಷನ್, ಇಯರ್ 1, ಇಯರ್ 2 ಎಂದರೆ ಇಲ್ಲಿನ ಪ್ರೈಮರಿ ಸ್ಕೂಲಿನ ಮೊದಲ ಮೂರು ತರಗತಿ, ನಾಲ್ಕರಿಂದ ಏಳು ವರ್ಷದ ಮಕ್ಕಳು.

ಮೊದಲು ಬುಕ್ ಬ್ಯಾಗ್

ದಿನಾ ಸಂಜೆ ಬುಕ್ ಬ್ಯಾಗ್ ತೆಗೆದು ನೋಡಿ. ಸ್ಕೂಲಿನ ಆ್ಯಪ್ ನೋಡಿ, ಇಮೇಲ್ ನೋಡಿ. ಮೂರನ್ನೂ ನೋಡಿ ಅಂತ ಯಾಕೆ ಒತ್ತಿ ಹೇಳುತ್ತೇನೆಂದರೆ, ನಮ್ಮ ಮೊದಲ ಡಿಸೆಂಬರಿನಲ್ಲಿ ನಾನು ಆ್ಯಪ್ ಮಾತ್ರ ನೋಡುತ್ತಿದ್ದೆ. ಕ್ರಿಸ್‌ಮಸ್ ಜಂಪರ್ ಡೇ, ಅಂದರೆ ಕ್ರಿಸ್‌ಮಸ್ ಚಿತ್ರದ ಸ್ವೆಟರ್ ಹಾಕಿಕೊಂಡು ಹೋಗುವ ದಿನ, ಅದರ ಚೀಟಿ ಬ್ಯಾಗಿನ ತಳದಲ್ಲಿ, ಅರ್ಧ ತಿಂದ ಬಾಳೆಹಣ್ಣಿನ ಕೆಳಗೆ ಮುದುಡಿ ಬಿದ್ದಿತ್ತು. ಮಾರನೆಯ ದಿನ ಇಡೀ ಕ್ಲಾಸು ಹಿಮಸಾರಂಗ, ಸ್ನೋಮ್ಯಾನ್, ಮಿಣುಕು ದೀಪದ ಜಂಪರಿನಲ್ಲಿ. ನನ್ನ ಮಗಳೊಬ್ಬಳು ಯೂನಿಫಾರ್ಮಿನ ಬೂದು ಪಿನಫೋರ್‌ನಲ್ಲಿ. ಅವಳು ಅಳಲಿಲ್ಲ, ಗೇಟಿನ ಹತ್ತಿರ ನನ್ನ ಕೈ ಬಿಟ್ಟು ಹಿಂದಿರುಗಿ ನೋಡದೆ ಒಳಗೆ ಹೋದಳು. ಮನೆಗೆ ಬಂದು ಅತ್ತವಳು ನಾನು.

ಜಂಪರ್ ಡೇಯನ್ನು ಸೇವ್ ದಿ ಚಿಲ್ಡ್ರನ್ ಎಂಬ ಮಕ್ಕಳ ನೆರವಿನ ಸಂಸ್ಥೆಯವರು 2012ರಲ್ಲಿ ಶುರು ಮಾಡಿದ್ದು. ಅವತ್ತು ಮಗುವಿನ ಕೈಯಲ್ಲಿ ಒಂದೋ ಎರಡೋ ಪೌಂಡ್ ಕಳಿಸುವುದು ರೂಢಿ. ಹೊಸ ಜಂಪರಿಗೆ ಹದಿನೈದು ಪೌಂಡ್ ಸುರಿಯಬೇಡಿ, ಮುಂದಿನ ವರ್ಷ ತೋಳು ಮೊಣಕೈಗೆ ಬಂದಿರುತ್ತದೆ. ಹಳೆ ಬಟ್ಟೆ ಮಾರುವ ಚಾರಿಟಿ ಅಂಗಡಿಯಲ್ಲಿ ನೋಡಿ. ನಮ್ಮ ರಾಜ್ಯೋತ್ಸವದ ದಿನ ಹಾಲಿನ ಹಿಂಬದಿಯಲ್ಲಿ ಹಳೆ ಜಂಪರ್ ಪೆಟ್ಟಿಗೆ ಇಟ್ಟಿರುತ್ತೇವೆ, ಅಲ್ಲಿಂದ ತೆಗೆದುಕೊಳ್ಳಿ. ತೆಗೆದುಕೊಂಡವರು ಮುಂದಿನ ವರ್ಷ ಒಗೆದು ವಾಪಸ್ ತನ್ನಿ. ಹೋದ ಸಲ ಹನ್ನೆರಡು ಹೋಗಿ ಐದು ಬಂದವು, ಯಾರು ಅಂತ ನಮಗೆ ಗೊತ್ತು.

ನೇಟಿವಿಟಿ ನಾಟಕ

ಯೇಸುವಿನ ಹುಟ್ಟಿನ ಕಥೆಯನ್ನು ಪುಟ್ಟ ಮಕ್ಕಳೇ ಆಡಿ ತೋರಿಸುವುದು. ಮೇರಿ, ಜೋಸೆಫ್, ದೇವದೂತರು, ಕುರುಬರು, ಒಂಟೆ ಏರಿ ಬರುವ ಮೂವರು ಜ್ಞಾನಿಗಳು, ಜಾಗ ಇಲ್ಲ ಎಂದು ಬಾಗಿಲು ಹಾಕುವ ಛತ್ರದವನು. ಮೂವತ್ತು ಮಕ್ಕಳಿಗೂ ಪಾತ್ರ ಬೇಕಲ್ಲ, ಆದ್ದರಿಂದ ನಕ್ಷತ್ರ, ಕುರಿ, ಕತ್ತೆ, ಒಂಟೆಗಳೂ ಬೇಕಾದಷ್ಟು. ಕೆಲವು ಸ್ಕೂಲುಗಳಲ್ಲಿ ಕಥೆಯೊಳಗೆ ಏಡಿಯೋ ಗಗನಯಾತ್ರಿಯೋ ಬಂದರೂ ಗಾಬರಿಯಾಗಬೇಡಿ.

ನನ್ನ ಮಗಳಿಗೆ ಸಿಕ್ಕಿದ್ದು ಕುರಿ. ಮೂರನೇ ಕುರಿ. ಊರಿಗೆ ಫೋನ್ ಮಾಡಿ ಹೇಳಿದರೆ ನಮ್ಮ ಅತ್ತೆ, "ಅಷ್ಟು ದೂರ ಕರ್ಕೊಂಡು ಹೋಗಿ ಮಗೂನ ಕುರಿ ಮಾಡಿಸ್ತಾರೇನಮ್ಮಾ?" ಅಂದರು. ನನಗೂ ಒಳಗೊಳಗೆ ಚುಚ್ಚಿತ್ತು ಅನ್ನಿ. ಮೇರಿಯ ಪಾತ್ರ ಬಿಳಿ ಮಕ್ಕಳಿಗೇ ಕೊಡುತ್ತಾರೇನೋ ಅಂತ ಒಂದು ವಾರ ಕೊರಗಿದೆ. ಆ ವರ್ಷದ ಮೇರಿ ನೈಜೀರಿಯಾ ಮೂಲದ ಹುಡುಗಿ. ಜೋಸೆಫ್ ನಮ್ಮ ಪಕ್ಕದ ಬೀದಿಯ ತಮಿಳರ ಮಗ. ದಯವಿಟ್ಟು ಪಾತ್ರ ಬದಲಿಸಿ ಎಂದು ಟೀಚರಿಗೆ ಇಮೇಲ್ ಬರೆಯಬೇಡಿ. ನಾನು ಬರೆದಿದ್ದೆ. ಉತ್ತರ ಬಹಳ ಸಭ್ಯವಾಗಿತ್ತು, ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ವೇಷದ ಬಗ್ಗೆ: ನಮ್ಮೂರಿನ ಛದ್ಮವೇಷ ಸ್ಪರ್ಧೆಯನ್ನು ಮರೆತುಬಿಡಿ. ಇಲ್ಲಿ ಬಹುಮಾನ ಇಲ್ಲ. ಬಿಳಿ ಟೀಶರ್ಟು, ಕಪ್ಪು ಲೆಗ್ಗಿಂಗ್ಸ್, ಕಿವಿ ಇರುವ ಒಂದು ಹೇರ್‌ಬ್ಯಾಂಡು ಹಾಕಿದರೆ ಕುರಿ ಆಯಿತು. ನಮ್ಮವರೊಬ್ಬರು ಜ್ಞಾನಿಯ ಪಾತ್ರಕ್ಕೆ ಜರತಾರಿ ಶೇರ್ವಾನಿ, ಮೈಸೂರು ಪೇಟ, ಮುತ್ತಿನ ಸರ ಎಲ್ಲ ಹಾಕಿ ಕಳಿಸಿದ್ದರು. ಚೆಂದ ಕಂಡಿದ್ದು ನಿಜ, ಪೇಟ ಕಣ್ಣಿಗೆ ಇಳಿದು ಮಗು ಒಂಟೆಗೆ ಢಿಕ್ಕಿ ಹೊಡೆದಿದ್ದೂ ನಿಜ.

ಟಿಕೆಟ್ ಬಹಳ ಕಡೆ ಮನೆಗೆ ಎರಡೇ. ಪ್ರದರ್ಶನ ಇರುವುದು ಕೆಲಸದ ದಿನ ಬೆಳಿಗ್ಗೆಯೋ ಮಧ್ಯಾಹ್ನವೋ. ದಿನಾಂಕ ಗೊತ್ತಾದ ಕೂಡಲೇ ಇಬ್ಬರೂ ಆಫೀಸಿನಲ್ಲಿ ಹೇಳಿಡಿ. ಊರಿಂದ ಬಂದ ಅಜ್ಜಿ ತಾತ ಇದ್ದರೆ ಡ್ರೆಸ್ ರಿಹರ್ಸಲ್‌ಗೆ ಬಿಡುತ್ತಾರಾ ಎಂದು ಸ್ಕೂಲ್ ಆಫೀಸಿನಲ್ಲಿ ಕೇಳಿ. ಕೇಳಿದರೆ ಸಾಮಾನ್ಯವಾಗಿ ಏನಾದರೂ ದಾರಿ ಮಾಡುತ್ತಾರೆ. ನಾವು ಕೇಳದೆ ಅಜ್ಜಿಯನ್ನು ಮನೆಯಲ್ಲಿ ಬಿಟ್ಟು ಹೋಗುತ್ತೇವೆ, ಆಮೇಲೆ ಬೇಜಾರು ಮಾಡಿಕೊಳ್ಳುತ್ತೇವೆ.

ಎದ್ದು ನಿಂತು ವಿಡಿಯೊ ಮಾಡಬೇಡಿ. ಹಿಂದಿನವರಿಗೂ ಮಕ್ಕಳಿದ್ದಾರೆ. ಮನೆಯ ನೆನಪಿಗೆಂದು ಫೋಟೊ ತೆಗೆಯಲು ಕಾನೂನಿನ ಅಡ್ಡಿ ಇಲ್ಲ, ಆದರೆ ಸ್ಕೂಲು ತನ್ನದೇ ನಿಯಮ ಮಾಡಬಹುದು. ಅವರು ಬೇಡ ಅಂದರೆ ಬೇಡ. ಬೇರೆಯವರ ಮಗು ಇರುವ ಫೋಟೊ ಫೇಸ್‌ಬುಕ್ಕಿಗಂತೂ ಹಾಕಲೇಬೇಡಿ. ಕೆಲವು ಮಕ್ಕಳು ಎಲ್ಲಿದ್ದಾರೆಂದು ಹೊರಗೆ ತಿಳಿಯಬಾರದ ಪರಿಸ್ಥಿತಿಯಲ್ಲಿರುತ್ತಾರೆ. ಅದು ನಮಗೆ ಗೊತ್ತಾಗುವುದಿಲ್ಲ.

"ನಾವು ಹಿಂದೂಗಳು, ಕಳಿಸಬಹುದಾ?" ಎಂದು ಕೇಳುವವರೂ ಇದ್ದಾರೆ. ಧಾರ್ಮಿಕ ಶಿಕ್ಷಣದಿಂದ, ಸಾಮೂಹಿಕ ಪ್ರಾರ್ಥನೆಯಿಂದ ಮಗುವನ್ನು ಹೊರಗಿಡುವ ಹಕ್ಕು ಇಲ್ಲಿ ಪೋಷಕರಿಗೆ ಕಾನೂನಿನಲ್ಲೇ ಇದೆ. ನಮ್ಮ ಮನೆಯಲ್ಲಿ ಬಳಸಲಿಲ್ಲ. ದೀಪಾವಳಿಗೆ ಅದೇ ಸ್ಕೂಲು ನಮ್ಮನ್ನು ಕರೆದು ಹಣತೆ ಹಚ್ಚಿಸಿತು, ಇಡೀ ಕ್ಲಾಸು ಕೂತು ನರಕಾಸುರನ ಕಥೆ ಕೇಳಿತು. ನಿಮ್ಮ ಮನೆಯದು ನಿಮ್ಮ ತೀರ್ಮಾನ, ಆದರೆ ನಾಟಕದ ಹಿಂದಿನ ದಿನ ಹೇಳಬೇಡಿ, ಒಬ್ಬ ಕುರುಬ ಕಡಿಮೆಯಾಗುತ್ತಾನೆ.

ಡಿಸೆಂಬರಿನಲ್ಲಿ ಪಾಠವೇ ಇಲ್ಲವಲ್ಲ?

ಇದು ಅಪ್ಪಂದಿರ ದೂರು. "ಮೂರು ವಾರದಿಂದ ಬರೀ ಗ್ಲಿಟರು, ಗೋಂದು, ಹಾಡು." ಸ್ವಲ್ಪ ಹತ್ತಿರ ಹೋಗಿ ನೋಡಿ.

ರಿಸೆಪ್ಷನ್ನಿನ ಕಾಗದದ ಸರಪಳಿಯಲ್ಲಿ ಕೆಂಪು, ಹಸಿರು, ಹಸಿರು, ಮತ್ತೆ ಕೆಂಪು ಎಂಬ ಕ್ರಮವಿದೆ. ಅದು ಗಣಿತದ ಪ್ಯಾಟರ್ನ್. ಕ್ರಿಸ್‌ಮಸ್‌ಗೆ ದಿನ ಎಣಿಸುವ ಅಡ್ವೆಂಟ್ ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಕಿಟಕಿ ತೆರೆಯುವಾಗ "ಇನ್ನೆಷ್ಟು ಉಳಿದವು?" ಎಂದರೆ ಕಳೆಯುವ ಲೆಕ್ಕ. ಕ್ರಿಸ್‌ಮಸ್ ಫೇರ್‌ನಲ್ಲಿ 20 ಪೆನ್ಸಿನ ಬಿಸ್ಕತ್ತಿಗೆ 50 ಪೆನ್ಸ್ ಕೊಟ್ಟು ಚಿಲ್ಲರೆ ಎಣಿಸುವುದು ಇಯರ್ 2ರ ಪಾಠದಲ್ಲೇ ಇದೆ. ಅವತ್ತು ಬ್ಯಾಂಕ್ ಕಾರ್ಡ್ ಉಜ್ಜಬೇಡಿ, ನಾಣ್ಯ ಕೊಟ್ಟು ಕಳಿಸಿ. ಮೂರೂವರೆಗೆ ಸ್ಕೂಲು ಬಿಟ್ಟು ನಾಲ್ಕಕ್ಕೆ ಕತ್ತಲಾದರೆ ಮಗು ಯಾಕೆ ಅಂತ ಕೇಳುತ್ತದಲ್ಲ, ಋತು ಬದಲಾದಂತೆ ಹಗಲು ಕುಗ್ಗುವುದು ಇಯರ್ 1ರ ವಿಜ್ಞಾನ. ಇಯರ್ 2ರಲ್ಲಿ ವಿಕ್ಟೋರಿಯನ್ ಕಾಲದ ಕ್ರಿಸ್‌ಮಸ್ ಮಾಡಿಸಿದರೆ, ಮೊದಲ ಕ್ರಿಸ್‌ಮಸ್ ಕಾರ್ಡನ್ನು 1843ರಲ್ಲಿ ಹೆನ್ರಿ ಕೋಲ್ ಅಚ್ಚು ಹಾಕಿಸಿದ ಕಥೆ ಮನೆಗೆ ಬರುತ್ತದೆ. ಕಿತ್ತಳೆ ಹಣ್ಣಿಗೆ ಕೆಂಪು ರಿಬ್ಬನ್ ಸುತ್ತಿ, ಮೇಣದಬತ್ತಿ ಚುಚ್ಚಿ, ನಾಲ್ಕು ಕಡ್ಡಿಗೆ ಸಿಹಿ ಸಿಕ್ಕಿಸಿಕೊಂಡು ಬಂದರೆ ಅದರ ಹೆಸರು ಕ್ರಿಸ್ಟಿಂಗಲ್. ಕಿತ್ತಳೆ ಎಂದರೆ ಜಗತ್ತು, ನಾಲ್ಕು ಕಡ್ಡಿ ನಾಲ್ಕು ಋತು. ನಾನು ಸುಲಿದು ತಿನ್ನಿಸಿಬಿಟ್ಟಿದ್ದೆ.

ಕಾಗದ ಮಡಚಿ ಕತ್ತರಿಸಿದ ಹಿಮದ ಹರಳು ಬಂದ ದಿನ ಮಗಳು ಅದನ್ನು ನೆಲದ ಮೇಲೆ ಹರವಿ, "ಅಜ್ಜಿ ರಂಗೋಲಿ ಥರ ಇದೆ" ಅಂದಳು. ಹೌದಲ್ಲ! ಚುಕ್ಕಿ ಇಟ್ಟು ಆರು ದಿಕ್ಕಿಗೂ ಒಂದೇ ಗೆರೆ ಎಳೆಯುವುದೂ ಅದೇ ಸಮ್ಮಿತಿ. ಮಾರನೆಯ ದಿನ ಟೀಚರ್ ಹತ್ತಿರ ಹೇಳಿದ್ದಾಳೆ, ಮುಂದಿನ ವಾರ ನಾನು ಸೀಮೆಸುಣ್ಣ ಹಿಡಿದು ಆಟದಂಗಳದಲ್ಲಿ ಕೂತಿದ್ದೆ. ಮಳೆ ಬಂದು ಅಳಿಸಿಹೋಯಿತು, ಮಕ್ಕಳಿಗೆ ಅದೂ ಖುಷಿಯೇ.

ಇನ್ನೊಂದು ಮಾತು, ಇಂಗ್ಲಿಷ್ ಬಾರದೆ ಬಂದ ಮಕ್ಕಳ ಮನೆಯವರಿಗೆ. ನನ್ನ ಮಗಳು ಸೆಪ್ಟೆಂಬರಿನಿಂದ ಕ್ಲಾಸಿನಲ್ಲಿ ಒಂದು ಮಾತೂ ಆಡಿರಲಿಲ್ಲ. ಹೊಸ ಭಾಷೆಗೆ ಬಿದ್ದ ಮಕ್ಕಳು ಕೆಲವು ತಿಂಗಳು ಹೀಗೆ ಸುಮ್ಮನಿದ್ದು ಕೇಳಿಸಿಕೊಳ್ಳುವುದು ಸಹಜ ಎಂದು ಟೀಚರ್ ಹೇಳಿದ್ದರೂ ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಡಿಸೆಂಬರ್ ಮೊದಲ ವಾರ ಸ್ನಾನ ಮಾಡಿಸುವಾಗ, ಕಣ್ಣಿಗೆ ಸೋಪು ಹೋಗಬಾರದೆಂದು ಬಿಗಿಯಾಗಿ ಮುಚ್ಚಿಕೊಂಡು, ಕುರಿಗಳ ಹಾಡು ಪೂರ್ತಿ ಹಾಡಿದಳು. ಅಭಿನಯ ಸಮೇತ. ದಿನಾ ಅದೇ ಸಾಲು, ಅದೇ ಕೈಸನ್ನೆ, ಸುತ್ತ ಮೂವತ್ತು ದನಿ. ತನ್ನ ತಪ್ಪು ಯಾರಿಗೂ ಕೇಳಿಸದ ಜಾಗದಲ್ಲಿ ಬಾಯಿ ತೆರೆಯಲು ಧೈರ್ಯ ಬಂದಿತ್ತು. ಹಾಡಿನ ಸಾಲುಗಳನ್ನು ಮನೆಗೆ ಕಳಿಸಿದರೆ ಫ್ರಿಜ್ಜಿಗೆ ಅಂಟಿಸಿ, ಜೊತೆಗೆ ಹಾಡಿ. ಮನೆಯಲ್ಲಿ ಕನ್ನಡ ನಿಲ್ಲಿಸಬೇಡಿ. ನಮ್ಮ ಕನ್ನಡ ತರಗತಿಯ ಮಕ್ಕಳು ಸ್ಕೂಲಿನಲ್ಲಿ ಹಿಂದೆ ಬಿದ್ದಿದ್ದನ್ನು ನಾನಂತೂ ನೋಡಿಲ್ಲ.

ಕಾರ್ಡುಗಳು

ಮಗು ಕ್ಲಾಸಿನ ಎಲ್ಲರಿಗೂ ಕಾರ್ಡ್ ಕೊಡುತ್ತದೆ. ಇನ್ಫಂಟ್ ಕ್ಲಾಸಿಗೆ, ಅಂದರೆ ಈ ಮೂರು ತರಗತಿಗಳಿಗೆ, 30 ಮಕ್ಕಳ ಮಿತಿ ಇದೆ, ಅಂದರೆ 29 ಕಾರ್ಡ್. ಹೆಸರುಗಳ ಪಟ್ಟಿ ಟೀಚರ್ ಕೊಡುತ್ತಾರೆ. ದಿನಕ್ಕೆ ಮೂರರಂತೆ ನವೆಂಬರಿನಲ್ಲೇ ಶುರು ಮಾಡಿದರೆ ಒಳ್ಳೆಯ ಕೈಬರಹದ ಅಭ್ಯಾಸ. ಹಿಂದಿನ ರಾತ್ರಿ ಕೂತರೆ ಅಮ್ಮನ ಕೈಬರಹದ ಅಭ್ಯಾಸ. ಮಗಳು ಕ್ರಿಸ್‌ಮಸ್ ಅನ್ನುವುದನ್ನು ಸಿಎಚ್ ಬದಲು ಕೆ ಹಾಕಿ ಬರೆದಿದ್ದಳು. ಅಕ್ಷರದ ದನಿ ಹಿಡಿದು ಓದು ಬರಹ ಕಲಿಸುವ ಫೋನಿಕ್ಸ್‌ನಲ್ಲಿ ಸಿಎಚ್ ಎಂದರೆ ಮೊದಲು 'ಚ' ಎಂದು ಕಲಿತಿರುತ್ತಾರೆ, ಕಿವಿಗೆ ಕೇಳಿದಂತೆ ಬರೆದಿದ್ದಾಳೆ. ನಾನು ವೈಟ್ನರ್ ಹಚ್ಚಿ ತಿದ್ದಿದೆ, ಅವಳು ಆಮೇಲೆ ಕಾರ್ಡ್ ಮುಟ್ಟಲಿಲ್ಲ. ಹಾಗೇ ಬಿಡಿ.

ಊಟ, ತಿಂಡಿ

ಇಂಗ್ಲೆಂಡಿನಲ್ಲಿ ಈ ಮೂರು ತರಗತಿಗಳಿಗೆ 2014ರಿಂದ ಸ್ಕೂಲ್ ಊಟ ಉಚಿತ. ಕ್ರಿಸ್‌ಮಸ್ ಊಟಕ್ಕೆ ಮಾತ್ರ ಸಾಮಾನ್ಯವಾಗಿ ಬೇರೆ ಫಾರ್ಮ್ ತುಂಬಬೇಕು.

- ವೆಜಿಟೇರಿಯನ್ ಎಂದರೆ ಇಲ್ಲಿ ಮೊಟ್ಟೆ ಸೇರಿ. ಮೊಟ್ಟೆ ತಿನ್ನದವರು ಬೇರೆಯಾಗಿ ಬರೆದು ಕೊಡಿ.
- ಮಾರ್ಷ್‌ಮ್ಯಾಲೋ, ಜೆಲ್ಲಿ ಮಿಠಾಯಿಗಳಲ್ಲಿ ಹೆಚ್ಚಾಗಿ ಜೆಲಟಿನ್ ಇರುತ್ತದೆ, ಅದು ಪ್ರಾಣಿಯದ್ದು.
- ಮಿನ್ಸ್ ಪೈಯಲ್ಲಿ ಮಾಂಸ ಇಲ್ಲ, ಒಣಹಣ್ಣು. ಕೆಲವಕ್ಕೆ ದನದ ಕೊಬ್ಬು ಹಾಕುತ್ತಾರೆ. ಪೊಟ್ಟಣ ಓದಿ.
- ಪಾರ್ಟಿಗೆ ಮನೆಯಲ್ಲಿ ಮಾಡಿದ್ದನ್ನು ಕಳಿಸುವ ಮುಂಚೆ ಕೇಳಿ. ಗೋಡಂಬಿ ಬರ್ಫಿ, ಕಡಲೆಕಾಯಿ ಉಂಡೆ ಬೇಡವೇ ಬೇಡ. ಅಲರ್ಜಿಯಿಂದ ಮಗುವಿನ ಪ್ರಾಣಕ್ಕೇ ಬರಬಹುದು. ನನ್ನ ಬರ್ಫಿ ಡಬ್ಬಿ ತೆರೆಯದೆ ವಾಪಸ್ ಬಂದಾಗ ನಾನು ಅವಮಾನ ಅಂದುಕೊಂಡಿದ್ದೆ.

ಫಾದರ್ ಕ್ರಿಸ್‌ಮಸ್

ಅಂದರೆ ಸ್ಯಾಂಟಾ. ಆ ವಿಷಯ ಬಂದರೆ ನಮ್ಮ ಮಕ್ಕಳ ಬಾಯಿಗೆ ಬೀಗ ಹಾಕಿ. "ಸ್ಯಾಂಟಾ ಇಲ್ವಂತೆ, ನಮ್ಮಪ್ಪ ಹೇಳಿದ್ರು" ಎಂದು ನಮ್ಮ ಸಂಘದ ಹುಡುಗನೊಬ್ಬ ಕಾರ್ಪೆಟ್ಟಿನ ಮೇಲೆ ಘೋಷಿಸಿ ಆರು ಮಕ್ಕಳನ್ನು ಅಳಿಸಿದ. ಅವರಪ್ಪನಿಗೆ ವೈಜ್ಞಾನಿಕ ಮನೋಭಾವ ಅಂತೆ. ಸರಿ, ಹಲ್ಲು ಬಿದ್ದರೆ ಮನೆಯ ಮಾಡಿನ ಮೇಲೆ ಎಸೆದವರು ನಾವು, ಇಲ್ಲಿನವರ ಮಕ್ಕಳ ನಂಬಿಕೆಗೆ ಕೈ ಹಾಕುವುದು ಬೇಡ. ಮಗು ಕಾಗದ ಬರೆದರೆ ನಿಜವಾಗಿ ಪೋಸ್ಟ್ ಮಾಡಿ: ಸ್ಯಾಂಟಾ, ಸ್ಯಾಂಟಾಸ್ ಗ್ರಾಟೊ, ರೇನ್‌ಡಿಯರ್‌ಲ್ಯಾಂಡ್, ಎಕ್ಸ್‌ಎಂ4 5ಎಚ್‌ಕ್ಯೂ. ಇಲ್ಲಿನ ಅಂಚೆ ಸಂಸ್ಥೆ ರಾಯಲ್ ಮೇಲ್‌ನವರು ಉತ್ತರ ಕಳಿಸಲು ಪ್ರಯತ್ನಿಸುತ್ತಾರೆ. ಸ್ಟಾಂಪು ಹಚ್ಚಿ, ಒಳಗೆ ಮನೆ ವಿಳಾಸ ಬರೆಯಿರಿ, ಅವರು ಹೇಳಿದ ಕೊನೆಯ ದಿನ ಮೀರಿಸಬೇಡಿ.

ಬೆಂಗಳೂರಿನ ಟಿಕೆಟ್

ಇದನ್ನು ಎರಡು ಸಲ ಓದಿ. ರಜೆ ಶುರುವಾದ ದಿನದ ಟಿಕೆಟ್ ದುಬಾರಿ, ವಾರ ಮುಂಚಿನದು ಅಗ್ಗ. ಎಲ್ಲರಿಗೂ ಬರುವ ಯೋಚನೆಯೇ. ಇಂಗ್ಲೆಂಡಿನಲ್ಲಿ ಹತ್ತು ಶಾಲಾ ವಾರಗಳೊಳಗೆ ಐದು ದಿನದಷ್ಟು ಅನುಮತಿ ಇಲ್ಲದ ಗೈರುಹಾಜರಿ ಆದರೆ ದಂಡದ ಬಗ್ಗೆ ಶಾಲೆ ಯೋಚಿಸಲೇಬೇಕು. 2024ರ ಆಗಸ್ಟಿನಿಂದ ದಂಡ 80 ಪೌಂಡ್, 21 ದಿನದೊಳಗೆ ಕಟ್ಟದಿದ್ದರೆ 160. ಅದು ಅಪ್ಪನಿಗೊಂದು, ಅಮ್ಮನಿಗೊಂದು, ಪ್ರತಿ ಮಗುವಿಗೂ ಬೇರೆ. ಇಬ್ಬರು ಮಕ್ಕಳಿದ್ದರೆ ಕಡಿಮೆಯೆಂದರೂ 320. ಅದೇ ಮಗುವಿಗೆ ಮೂರು ವರ್ಷದೊಳಗೆ ಎರಡನೇ ಸಲವಾದರೆ ನೇರ 160. ಐದು ತುಂಬಿದ ನಂತರದ ಟರ್ಮಿನಿಂದ ಹಾಜರಿ ಕಡ್ಡಾಯ, ಹಾಗಾಗಿ ರಿಸೆಪ್ಷನ್ನಿನ ಕೆಲವು ಮಕ್ಕಳಿಗೆ ಇದು ಇನ್ನೂ ಅನ್ವಯಿಸುವುದಿಲ್ಲ. ಹುಟ್ಟಿದ ದಿನ ನೋಡಿಕೊಳ್ಳಿ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ನಿಯಮ ಬೇರೆ.

ಜ್ವರ ಅಂತ ಸುಳ್ಳು ಹೇಳಬೇಡಿ. ಸ್ಕೂಲಿನವರು ಫೋನ್ ಮಾಡಿದಾಗ ಭಾರತದ ರಿಂಗ್ ಬೇರೆ ಥರ ಕೇಳುತ್ತದೆ. ಜನವರಿಯಲ್ಲಿ ಮಗು ಬಂದು ವಿಮಾನ, ಅಜ್ಜಿ, ಹಸು ಎಲ್ಲ ಬಿಡಿಸಿ ಗೋಡೆಗೆ ಅಂಟಿಸುತ್ತದೆ. ಮದುವೆ, ಸಾವುನೋವು ಇದ್ದರೆ ಮುಂಚೆಯೇ ಹೆಡ್ ಟೀಚರಿಗೆ ಬರೆದು ಕೇಳಿ.

ಟೀಚರಿಗೆ ಉಡುಗೊರೆ

ಕಡ್ಡಾಯ ಇಲ್ಲ. ಮಗು ಬರೆದ ಕಾರ್ಡ್ ಸಾಕು. ಪೋಷಕರು ಸೇರಿ ಹಣ ಕೂಡಿಸುತ್ತಿದ್ದರೆ ಐದು ಪೌಂಡ್ ಹಾಕಿ. ಟೀಚಿಂಗ್ ಅಸಿಸ್ಟೆಂಟ್ ಅವರನ್ನು ಮರೆಯಬೇಡಿ. ನಾನು ಬೆಳ್ಳಿಯ ಕುಂಕುಮ ಭರಣಿ ಕೊಟ್ಟಿದ್ದೆ. ಜನವರಿಯಲ್ಲಿ ನೋಡಿದರೆ ಮೇಜಿನ ಮೇಲೆ ಅದರ ತುಂಬ ಗುಂಡುಪಿನ್ನು.

ಕೊನೆಯ ದಿನ

- ಬಹಳ ಕಡೆ ಸ್ಕೂಲು ಬೇಗ ಬಿಡುತ್ತದೆ. ವೇಳೆ ಕೇಳಿಕೊಳ್ಳಿ.
- ಆಫ್ಟರ್ ಸ್ಕೂಲ್ ಕ್ಲಬ್ ಅವತ್ತು ಇರುವುದು ಅನುಮಾನ.
- ದೊಡ್ಡ ಚೀಲ ಒಯ್ಯಿರಿ: ಪಿಇ (ಆಟದ ಪೀರಿಯಡ್) ಬಟ್ಟೆ, ನೀರಿನ ಬಾಟಲಿ, ಒಣಗದ ಬಣ್ಣದ ಚಿತ್ರಗಳು.
- ಲಾಸ್ಟ್ ಪ್ರಾಪರ್ಟಿ ಡಬ್ಬದಲ್ಲಿ ನಿಮ್ಮ ಕಾರ್ಡಿಗನ್ ಹುಡುಕಿ. ಹೆಸರು ಬರೆದಿರಲಿಲ್ಲ ಅಲ್ಲವೇ? ಬರೆಯಿರಿ.
- ಉಪ್ಪು ಹಿಟ್ಟಿನ ಅಲಂಕಾರ ತಿನ್ನುವ ಬಿಸ್ಕತ್ತಲ್ಲ.
- ಜನವರಿಯ ಮೊದಲ ದಿನ ಇನ್‌ಸೆಟ್ ಡೇ ಇರಬಹುದು, ಟೀಚರುಗಳಿಗೆ ಮಾತ್ರ ತರಬೇತಿ, ಮಕ್ಕಳಿಗೆ ರಜೆ. ಇಸ್ತ್ರಿ ಹಾಕಿದ ಯೂನಿಫಾರ್ಮಿನಲ್ಲಿ ಮಗಳನ್ನು ಕರೆದುಕೊಂಡು, ಬೀಗ ಹಾಕಿದ ಗೇಟಿನ ಮುಂದೆ ಕೊರೆಯುವ ಚಳಿಯಲ್ಲಿ ಇಪ್ಪತ್ತು ನಿಮಿಷ ನಿಂತಿದ್ದೆ. ಪಕ್ಕದಲ್ಲಿ ಇನ್ನೊಂದು ಸಂಸಾರವೂ ನಿಂತಿತ್ತು. ಹುಬ್ಬಳ್ಳಿಯವರು. ಅಂದಿನಿಂದ ಗೆಳೆಯರು.